ಮುಂದಿನ ಸಲ ಯಾವುದು ಏಳಬೇಕು

...ಇಲ್ಲಕ್ಕಾ, ಕಾಫಿ ಬೇಡ. ಕೋಲಾರದಲ್ಲೇ ಕುಡ್ಕೊಂಡು ಬಸ್ ಹತ್ತಿದೆ. ನೀವು ಮಾವಿನಕಾಯಿ ಹೆಚ್ಚಿ, ಹೆಚ್ಚಿ... ಈ ಕಾಗದಕ್ಕೆ ಒಂದ್ ಸೈನು, ಅಷ್ಟೇ. "ಶ್ರೀನಿವಾಸಪುರ ಬೀಜದ ಆಫೀಸಿನ ಕಂಪ್ಯೂಟರನ್ನ ತಪ್ಪಾಗಿ ಆಫ್ ಮಾಡಿ ಕೆಡಿಸಿದ್ದು ಆಪರೇಟರ್ ಶಾಮಲಮ್ಮ ಆದ ನಾನೇ." ತಾರೀಕೂ ಹಾಕಿದೀನಿ, ಹದಿನೆಂಟು ಆರು ಎಂಬತ್ತೆಂಟು. ಸೈನ್ ಹಾಕಿದ್ರೆ ನಿಮ್ ಸಸ್ಪೆಂಡ್ ತೆಗೆದು ಬೈರಕೂರಿಗೆ ಹಾಕ್ತಾರಂತೆ. ಬರೀ ವರ್ಗ.

ಯಾಕೆ ನಗ್ತೀರಿ?

ನಾನ್ ನಿಮ್ ಕಡೇನೇ ಅಕ್ಕಾ. ವಿಚಾರಣೇಲೂ ಹೇಳ್ದೆ... ಬೇಕಂತ ಮಾಡಿರಲ್ಲ ಅಂತ. ಬರ್ಕೊಂಡಿದಾರೆ, ಕದಿರೇಶ ಹಿಂಗೆ ಹೇಳ್ದ ಅಂತ.

ಅವತ್ತು ನಾನ್ ಮಾಡಿದ್ದಿಷ್ಟೇ. ಕೋಲಾರದಲ್ಲಿ ಕೂತು ಫೋನ್ ಲೈನಲ್ಲಿ ನಿಮ್ ಮಿಶಿನ್ ಒಳಕ್ಕೆ ಹೋದೆ. ಹೊಸ ಕರ್ನಲ್ ಹಾಕ್ಬೇಕಿತ್ತು, ಮಿಶಿನ್ನ ನಡೆಸೋ ಮೂಲ ಪ್ರೋಗ್ರಾಮು. ಕರ್ನಲ್ ಇಲ್ದೆ ಮಿಶಿನ್ ಏಳಲ್ಲ, ನಿಮಗೂ ಗೊತ್ತು. ಮುಂದಿನ ಸಲ ಯಾವುದು ಏಳ್ಬೇಕು, ಹಳೇದಾ ಹೊಸದಾ ಅಂತ ಒಂದ್ ಫೈಲಲ್ಲಿ ಹೆಸರು ಬರೀಬೇಕು. ಬರೆದೆ. ಒಂದ್ಸಲಕ್ಕೆ ಮಾತ್ರ ಹೊಸದು. ಅದು ಕೆಟ್ರೆ, ಆಫ್ ಮಾಡಿ ಆನ್ ಮಾಡಿದ್ರೆ ತಾನಾಗೇ ಹಳೇದು ಏಳುತ್ತೆ. ಹಂಗೇ ಬರೆದೆ. ಹಂಗೇ...

ಹೌದು, ಆಫ್ ಮಾಡಿ ಅಂತ ಫೋನಲ್ಲಿ ಹೇಳ್ದೋನೂ ನಾನೇ. ವಿಚಾರಣೇಲಿ ಅದನ್ನ ಕೇಳ್ಲಿಲ್ಲ ಅವರು. ಕೇಳ್ಲಿಲ್ಲ, ನಾನು ಹೇಳ್ಲಿಲ್ಲ.

ಈಳಿಗೆಮಣೆ ಯಾಕ್ ಸರಿಸಿದ್ರಿ? ನೋಡ್ಬೇಡಿ ಅಕ್ಕಾ ಹಂಗೆ.

ಸರಿ... ಒಂದ್ಸಲಕ್ಕೆ ಅಂತ ಬರೀಲಿಲ್ಲ. ಯಾವಾಗ್ಲೂ ಹೊಸದೇ ಅಂತ ಬರೆದೆ. ಮಿಶಿನ್ನಲ್ಲಿ ಜಾಗ ಸಾಲ್ಲಿಲ್ಲ, ಹಳೇದನ್ನ ಅಳಿಸ್ಬಿಟ್ಟೆ. ಹೊಸದು ಕೆಟ್ಟು ಕೂತ್ಕೊಳ್ತು. ನೀವು ಎಷ್ಟ್ ಸಲ ಆನ್ ಮಾಡಿದ್ರೂ ಏಳಕ್ಕೆ ಒಳಗೆ ಇನ್ನೊಂದು ಇರ್ಲಿಲ್ಲ. ಹಂಚೋ ಪಟ್ಟಿ ಮಿಶಿನ್ ಒಳಗೇ ಉಳೀತು, ಬೀಜಕ್ಕೆ ಬಂದ ರೈತ್ರು ನಾಕ್ ದಿನ ಬಿಸಿಲಲ್ಲಿ ನಿಂತು ವಾಪಸ್ ಹೋದ್ರು. ಮೊದಲ ಮಳೆ ಹದ ಕಳೀತು. ನಿಮ್ಮನ್ನ ಬೈದ್ರು. ಎಲ್ಲಾ ಕೇಳಿಸ್ಕೊಂಡೆ ನಾನು. ಏನೂ ಅನ್ನಿಸ್ಲಿಲ್ಲ. ಈಗ್ಲೂ ಅನ್ನಿಸ್ತಿಲ್ಲ... ಸಾರಿಗೆ ಉಪ್ಪು ಬಿದ್ದಿದ್ಯಾ ಇಲ್ವಾ ಅಂತಾನೂ ಗೊತ್ತಾಗಲ್ಲ ಅಕ್ಕಾ, ಹದಿನೈದು ದಿನದಿಂದ.

ಬೈಯಿರಿ.

ಏನಾದ್ರೂ ಅನ್ನಿ...

ಆಶ್ಚರ್ಯಾನೂ ಆಗ್ಲಿಲ್ವಾ ನಿಮಗೆ?

...ಗೊತ್ತಿತ್ತಾ? ಕೋಲಾರದಿಂದ ನಾನ್ ಟೈಪ್ ಹೊಡೆದಿದ್ದೆಲ್ಲಾ ನಿಮ್ ಕಡೆ ಪ್ರಿಂಟರಲ್ಲಿ ಬೀಳುತ್ತೆ... ಅದನ್ನ ಓದಿದ್ರಾ? ಅವತ್ತೇ?

ವಿಚಾರಣೇಲಿ ಮೂರ್ ಗಂಟೆ ಹೊತ್ತು ನಿಮ್ ಪಕ್ಕದಲ್ಲೇ ಕೂತಿದ್ದೆನಲ್ಲಾ ಅಕ್ಕಾ... ನಾನಾಗೇ ಬಾಯ್ಬಿಡ್ತೀನಿ ಅಂತ ಕಾಯ್ತಿದ್ರಾ?