ಊದಿದ ಕೈ

ಆಗ ಆರ್ಕುಟ್ ಇದ್ದ ಕಾಲ. ಪುಂಜಾಲಕಟ್ಟೆಯ ಕ್ಲಿನಿಕ್ಕಿನಲ್ಲಿ ನನ್ನ ಪಕ್ಕ ಒಬ್ಬ ಅಣ್ಣ, ಅವನ ತಂಗಿ ಕುಳಿತಿದ್ದರು. ಅಣ್ಣನ ಬಲಗೈ ಊದಿತ್ತು. ಅವರನ್ನು ಜೀಪಿನಲ್ಲಿ ಕರೆತಂದ ಗೆಳೆಯರಿಬ್ಬರು ಹೊರಗೆ ಕಾಯುತ್ತಿದ್ದರು. ತಂಗಿಯೇ ಮೊದಲು ಮಾತೆತ್ತಿದಳು.

"ರಂಜನನ ಎರಡು ಹಲ್ಲು ಹೋಗಿದೆಯಂತೆ."

"ಹೋಗಲಿ. ಆರ್ಕುಟಲ್ಲಿ ನಿನ್ನ ಫೋಟೋ ಹಾಕಿ ಹೊಲಸು ಬರೆದವನಿಗೆ ಅಷ್ಟು ಸಾಕಾ?"

"ಅದು ಅವನಲ್ಲ ಅಣ್ಣ."

"ಬಸ್‌ಸ್ಟ್ಯಾಂಡಲ್ಲಿ ನಿನ್ನ ಶಾಲು ಎಳೆದದ್ದು ಅವನೇ ಅಲ್ವಾ?"

"ಅವನು ಎಲ್ಲರೆದುರು ಎಳೆದ, ನಾನು ಕೊಡೆಯಲ್ಲಿ ಮುಖಕ್ಕೇ ಕೊಟ್ಟೆ. ಅದು ಅಲ್ಲಿಗೇ ಮುಗಿದಿತ್ತು. ಈ ಬರೆಯುವವನಿಗೆ ಮುಖವೇ ಇಲ್ಲ, ಎಲ್ಲಿಗೆ ಹೊಡೆಯುವುದು?"

"ಇನ್ನು ಬರೆಯುವುದಿಲ್ಲ, ನೋಡು."

"ಬೆಳಿಗ್ಗೆ ಸೈಬರ್ ಕೆಫೆಗೆ ಹೋಗಿ ನೋಡಿದೆ. ಪುನಃ ಬರೆದಿದ್ದಾನೆ. ಅಣ್ಣನ ಕೈ ಊದಿತಾ, ಪಾಪ, ಹೊಡೆದದ್ದು ಬೇರೆಯವನಿಗೆ ಅಂತ."

ಅಣ್ಣ ತನ್ನ ಕೈ ನೋಡಿಕೊಂಡ.

"ಇದು ಊದಿದ್ದು ಯಾರಿಗೆ ಗೊತ್ತುಂಟು? ಮನೆಯಲ್ಲಿ ಸಹ ಬೈಕಿಂದ ಬಿದ್ದದ್ದು ಅಂತ ಹೇಳಿದ್ದೇನೆ."

"ನೀನು ಹೊಡೆಯುವಾಗ ರಂಜನನನ್ನು ಹಿಡಿದುಕೊಂಡವರಿಗೆ ಗೊತ್ತುಂಟು."

"ಅವರು ನನ್ನ ದೋಸ್ತಿಗಳು ಮಾರಾಯ್ತಿ."

"ಹೌದು. ಜೀಪಲ್ಲಿ ಕೂತಿದ್ದಾರಲ್ಲ."

ನರ್ಸ್ ಹೆಸರು ಕರೆದಳು. ಅಣ್ಣ ಎದ್ದ, ಆದರೆ ಡಾಕ್ಟರ ಕೋಣೆಯ ಕಡೆ ತಿರುಗಲಿಲ್ಲ. ಊದಿದ ಕೈಯನ್ನೇ ಮುಷ್ಟಿ ಕಟ್ಟಿಕೊಂಡು ಹೊರಗೆ ನಡೆದ. ತಂಗಿ ಅವನ ಅಂಗಿ ಹಿಡಿದೆಳೆಯುತ್ತ ಹಿಂದೆ ಹೋದಳು.

"ಬರೆದದ್ದು ಒಬ್ಬನೇ, ಅಣ್ಣ. ಯಾರು ಅಂತ ಗೊತ್ತಿಲ್ಲ."

"ಗೊತ್ತಾಗುವವರೆಗೆ ಇಬ್ಬರಿಗೂ ಹೊಡೀತೇನೆ."