ಕಲ್ಲನ್ನು ಕಲ್ಲೆಂದ ಅನುವಾದಕ

ಪರ್ಷಿಯಾ ದೇಶದ ಒಂದು ಪಟ್ಟಣದಲ್ಲಿ ಕಾಮ್‌ರಾನ್ ಎಂಬ ಅನುವಾದಕನಿದ್ದ. ಫ್ರೆಂಚ್ ಕಾದಂಬರಿಗಳನ್ನು ಫಾರಸಿ ಭಾಷೆಗೆ ತರುವುದು ಅವನ ಕಸುಬು. ಸರಿಯಾದ ಶಬ್ದ ಸಿಗದಿದ್ದರೆ ಊಟ ಬಿಟ್ಟು ಕೂರುವ ಮನುಷ್ಯ. ಅಷ್ಟಕ್ಕೇ ಸುಮ್ಮನಿದ್ದನೇ? ಇಲ್ಲ ನೋಡಿ! ಮುದ್ರಣಾಲಯದ ಕೆಲಸಗಾರರು ಸಂಘ ಕಟ್ಟಲಿ, ಪತ್ರಿಕೆಗಳು ನಿಜ ಬರೆಯಲಿ ಎಂದು ಬೀದಿಯಲ್ಲಿ ನಿಂತು ಭಾಷಣ ಮಾಡಿದ. ಪೊಲೀಸರು ಹಿಡಿದು ಜೈಲಿಗೆ ಹಾಕಿದರು.

ಒಂದು ದಿನ ಜೈಲಿನ ಅಧಿಕಾರಿ ಅವನನ್ನು ಕರೆಸಿದ.

"ನಾಳೆ ಫ್ರೆಂಚ್ ಅತಿಥಿಗಳು ಜೈಲು ನೋಡೋಕೆ ಬರ್ತಾರೆ. ನೀನೇ ದುಭಾಷಿ. ನಾನು ಹೇಳಿದ ಹಾಗೆ ಹೇಳಿದ್ರೆ ಸಂಜೆಗೇ ಮನೆಗೆ ಕಳಿಸ್ತೀನಿ."

ಅತಿಥಿಗಳು ಬಂದರು. ಒಬ್ಬ ಮುದುಕ ಕೈದಿಯನ್ನು ಊಟ ಹೇಗಿದೆ ಎಂದು ಕೇಳಿದರು.

"ಅನ್ನದ ತುಂಬ ಕಲ್ಲು ಸ್ವಾಮಿ. ಎರಡು ಹಲ್ಲು ಹೋದ್ವು," ಎಂದು ಮುದುಕ ಬಾಯಿ ತೆರೆದು ತೋರಿಸಿದ.

ಅಧಿಕಾರಿ ಕಾಮ್‌ರಾನನ ಕಿವಿಯಲ್ಲಿ ಉಸುರಿದ: "ಅನ್ನ ಬಲು ರುಚಿ ಅಂತಾನೆ ಅನ್ನು."

ಕಾಮ್‌ರಾನನ ಕಣ್ಣ ಮುಂದೆ ಹೆಂಡತಿ ಬಂದಳು, ಮಗಳು ಬಂದಳು. ರುಚಿ ಎನ್ನುವುದಕ್ಕೆ ಫ್ರೆಂಚ್‌ನಲ್ಲಿ ಅವನಿಗೆ ಏಳು ಶಬ್ದ ಗೊತ್ತಿತ್ತು. ಏಳರಲ್ಲಿ ಒಂದೂ ನಾಲಿಗೆಗೆ ಬರಲಿಲ್ಲ!

"ಇವರು ಹೇಳೋದು, ಅನ್ನದಲ್ಲಿ ಕಲ್ಲಿದೆ, ಹಲ್ಲು ಹೋಯ್ತು ಅಂತ. ಸಾಹೇಬರು ಹೇಳೋದು, ರುಚಿಯಾಗಿದೆ ಅಂತ ಹೇಳು ಅಂತ," ಎಂದು ಫ್ರೆಂಚ್‌ನಲ್ಲಿ ಹೇಳಿಬಿಟ್ಟ.

ಅತಿಥಿಗಳು ನಕ್ಕರು. ಫ್ರೆಂಚ್ ಬಾರದ ಅಧಿಕಾರಿಯೂ ನಕ್ಕ. "ಮೆಚ್ಚಿದ್ರಾ?" ಎಂದ. ಕಾಮ್‌ರಾನ್ ಅದನ್ನೂ ಅನುವಾದಿಸಿದ.

"ಹಾಗಾದ್ರೆ ಸಾಹೇಬರು ನಮ್ಮೆದುರು ಒಂದು ತುತ್ತು ಉಣ್ಣಲಿ," ಎಂದರು ಅತಿಥಿಗಳು.

ತಟ್ಟೆ ಬಂತು. ಅಧಿಕಾರಿ ತುತ್ತು ಬಾಯಿಗಿಟ್ಟ. ಕಟಕ್! ಆ ಶಬ್ದವನ್ನು ಅನುವಾದಿಸುವ ಅಗತ್ಯ ಬೀಳಲಿಲ್ಲ.

ಬಿಡುಗಡೆ ಎಲ್ಲಿಂದ ಬರಬೇಕು? ಇನ್ನೊಂದು ವರ್ಷ ಜೈಲು. ಹೆಂಡತಿ ಪರ್ವಾನೆ ನೋಡಲು ಬಂದಳು.

"ನಿಮ್ಮ ನಾಲಿಗೆಗೆ ಒಂದು ದಿನ ರಜೆ ಕೊಡೋಕಾಗ್ಲಿಲ್ವಾ? ಸಂಜೆ ಬರ್ತೀರಿ ಅಂತ ಸುದ್ದಿ ಬಂದು, ಮಗಳು ಬಾಗಿಲಲ್ಲೇ ಕಾಯ್ತಿದ್ಲು."

ಕಾಮ್‌ರಾನನ ಕಣ್ಣು ತುಂಬಿತು. "ಆ ಮುದುಕ ನನ್ನ ನಂಬಿ ಬಾಯಿ ತೆಗೆದ. ಅವನ ಮಾತು ತಿರುಚೋಕೆ ನನಗೇನು ಹಕ್ಕು?"

ಅವಳು ಅವನ ಕಣ್ಣೊರೆಸಿದಳು. ಆಮೇಲೆ, "ಈಗ ಅನ್ನ ಹೇಗಿದೆ?" ಎಂದಳು.

"ಅಕ್ಕಿ ಆರಿಸ್ತಿದ್ದಾರೆ."

"ಸರಿ, ಹೊಟ್ಟೆ ತುಂಬ ಉಣ್ಣಿ. ಮಗಳಿಗೆ ನಾನು ಹೇಳ್ತೀನಿ, ಇದ್ದದ್ದು ಇದ್ದ ಹಾಗೆ."

ವರ್ಷ ಕಳೆದು ಕಾಮ್‌ರಾನ್ ಮನೆಗೆ ಬಂದ. ಮತ್ತೆ ಅದೇ ಕಾದಂಬರಿ, ಅದೇ ಬೀದಿಯ ಭಾಷಣ.

ತಾಯಂದಿರೇ, ಮಹನೀಯರೇ, ನಾವು ದಿನಕ್ಕೆ ಎಷ್ಟು ಸಲ ದುಭಾಷಿಗಳಾಗುತ್ತೇವೆ? ಅತ್ತೆ "ಸಾರು ಸ್ವಲ್ಪ ತೆಳು" ಎಂದರೆ, ಸೊಸೆಗೆ "ನಿನಗೆ ಅಡುಗೆಯೇ ಬರಲ್ವಂತೆ" ಎಂದು ಮುಟ್ಟಿಸುವವರು ಯಾರು? ನಗಬೇಡಿ! ಮೂರನೇ ಸಾಲಿನವರು ಬಹಳ ನಗುತ್ತಿದ್ದೀರಿ. ಜವಾನ "ಮಗುವಿಗೆ ಜ್ವರ, ರಜೆ ಬೇಕು" ಎಂದರೆ, ಸಾಹೇಬರ ಮುಂದೆ ಜ್ವರವನ್ನು ನುಂಗಿ ರಜೆಯನ್ನಷ್ಟೇ ಹೇಳುವ ಗುಮಾಸ್ತರು ಯಾರು? ದೊಡ್ಡವರ ಮಾತಿಗೆ ಒಗ್ಗರಣೆ ಹಾಕುತ್ತೇವೆ, ಬಡವರ ಮಾತನ್ನು ನುಂಗುತ್ತೇವೆ.

ಇವತ್ತಿನಿಂದ ನಿಲ್ಲಿಸಿ. ಯಾರಾದರೂ ನಿಮ್ಮನ್ನು ನಂಬಿ ಒಂದು ಮಾತು ಕೊಟ್ಟರೆ, ಸೇರಿಸಬೇಡಿ, ನುಂಗಬೇಡಿ. ಆಡಿದವರು ಪಕ್ಕದಲ್ಲೇ ನಿಂತಿದ್ದಾರೆ ಎಂದುಕೊಂಡು ಮುಟ್ಟಿಸಿ. ಈ ಪ್ರವಚನವನ್ನೂ ಹಾಗೇ ಮುಟ್ಟಿಸಿ. ಮನೆಗೆ ಹೋಗಿ "ಸ್ವಾಮಿಗಳು ನಿನ್ನನ್ನೇ ಬೈದರು" ಎನ್ನಬೇಡಿ. ನಾನು ಬೈದದ್ದು ನಿಮ್ಮನ್ನು.