ಒಂಟಿ ಚಪ್ಪಲಿಯ ನೆಂಟ

ಬಾಗಿಲಾಚೆ ನಿಂತವರು ‘ಗೌರವ’ ಎಂದರೆ ಒಳಗಿನವರು ‘ಮರ್ಯಾದೆ’ ಎನ್ನಲೇಬೇಕು. ಹೈಟಿಯ ಜಾಕ್‌ಮೆಲ್ ಹತ್ತಿರದ ಆ ಕೇರಿಯಲ್ಲಿ, ಬಂದವನು ಹಗೆಯೇ ಆಗಿದ್ದರೂ ಈ ನಿಯಮ ತಪ್ಪುವಂತಿರಲಿಲ್ಲ. ಒಂದು ರಾತ್ರಿ ಇಡೀ ಕೇರಿ ತಪ್ಪಿತು. ಹೆದರಿದ್ದರು, ನಿಜ. ಆದರೆ ನಿಯಮ ಹೆದರದವರಿಗೆ ಮಾತ್ರ ಇರುವುದಲ್ಲ.

ಅದು ಅಧ್ಯಕ್ಷರು ತಾವು ಸಾಯುವ ತನಕ ಅಧ್ಯಕ್ಷರೇ ಎಂದು ಸಾರಿಕೊಂಡಿದ್ದ ಕಾಲ. ಅವರ ಪಟವನ್ನು ಶಾಲೆಯ ಗೋಡೆಯಿಂದ ಇಳಿಸಿದರೆಂದು ಸಿಲ್ನೇ ಮೇಷ್ಟರನ್ನು ಅಧ್ಯಕ್ಷರ ನೀಲಿ ಅಂಗಿಯ ಪಡೆಯವರು ಅಟ್ಟಿಸಿಕೊಂಡು ಬಂದರು. ಮೇಷ್ಟರು ಒಂದೊಂದೇ ಬಾಗಿಲಲ್ಲಿ ‘ಗೌರವ’ ಎಂದರು. ಯಾರೂ ಉಸಿರೆತ್ತಲಿಲ್ಲ. ಅದೇ ಕೇರಿಯ ಇಸ್ಮೇರಿ ಎಂಬವಳೂ ದೀಪ ಆರಿಸಿ ಕೂತಳು. ಬಾವಿಯ ಪಕ್ಕದ ಮಾಪೂ ಎಂಬ ದೊಡ್ಡ ಮರದಡಿ ಗುಂಡು ಹಾರಿತು, ಮೇಷ್ಟರು ಅಲ್ಲೇ ಸತ್ತುಬಿದ್ದರು. ಓಡುವಾಗ ಕಳಚಿದ್ದ ಅವರ ಒಂದು ಚಪ್ಪಲಿಯನ್ನು ಪಡೆಯ ಕ್ಲೆರ್ವಿಲ್ ಆ ಮರಕ್ಕೆ ಮೊಳೆ ಹೊಡೆದು ನೇತುಹಾಕಿದ. ಸತ್ತವನ ಹೆಸರೆತ್ತಿದವರಿಗೂ ಇದೇ ಗತಿ ಎಂದ.

ಕೆಲವು ವಾರಗಳ ಮೇಲೆ ಇಸ್ಮೇರಿ ಪಕ್ಕದ ಮನೆಯ ಲೋರ್ಸಿಯ ಜೊತೆ ಸಂತೆಯಿಂದ ತಡವಾಗಿ ಮರಳುತ್ತಿದ್ದಳು. ಬೆಳದಿಂಗಳಿತ್ತು. ಬಾವಿ ದಾಟಿದ್ದೇ ತಡ... ಹಿಂದೆ ಸದ್ದು.

ಚಟ್... ಸರ್... ಚಟ್... ಸರ್...

ಒಂದು ಕಾಲಲ್ಲಿ ಚಪ್ಪಲಿ. ಇನ್ನೊಂದು ಬರಿಗಾಲು.

“ಅಕ್ಕಾ, ತಿರುಗ್ಬೇಡ,” ಲೋರ್ಸಿ ಪಿಸುಗುಟ್ಟಿದಳು. “ನಮ್ಮನೆ ಮುಂದೂ ದಿನಾ ಬರತ್ತೆ. ನನ್ನ ಗಂಡ ಮುಸುಕು ಹೊದ್ದು ಮಲಗ್ತಾನೆ.”

“ಅವತ್ತೂ ಹೊದ್ದಿದ್ದ.”

“ನೀನೇನು ಬಾಗಿಲು ತೆಗೆದಿದ್ಯಾ?”

ಇಸ್ಮೇರಿ ಹೆಜ್ಜೆ ಬಿರುಸು ಮಾಡಿದಳು.

ಇಸ್ಮೇರಿಯ ಮನೆಯೆದುರಿನ ರಮ್ಮಿನ ಅಂಗಡಿಯಲ್ಲಿ ಕ್ಲೆರ್ವಿಲ್ ಕೂತಿದ್ದ. ರಾತ್ರಿಯಲ್ಲೂ ಕಪ್ಪು ಕನ್ನಡಕ. ಹೆಂಗಸರಿಬ್ಬರೂ ಒಳಗೆ ಸೇರಿ ಅಗುಳಿ ಹಾಕಿದರು. ಸದ್ದು ಹೊಸ್ತಿಲಿಗೆ ಬಂದು ನಿಂತಿತು.

“ಗೌರವ...”

ಸೀಮೆಸುಣ್ಣದ ಪುಡಿ ಕಟ್ಟಿದ ಗಂಟಲು. ಅದೇ ದನಿ. ಕ್ಲೆರ್ವಿಲನಿಗೂ ಕೇಳಿಸಿರಬೇಕು... ಎದುರಂಗಡಿಯಲ್ಲಿ ಕುರ್ಚಿ ಸರಿದ ಸದ್ದಾಯಿತು.

“ಸುಮ್ನಿರಕ್ಕಾ. ಮಾತಾಡಿದ್ರೆ ಕ್ಲೆರ್ವಿಲ್ ನಿನ್ನನ್ನ ಎಳ್ಕೊಂಡು ಹೋಗ್ತಾನೆ.”

“ಹೋಗ್ಲಿ. ನನ್ನ ಮನೆಗೆ ಯಾರು ಬರಬೇಕು ಅಂತ ಅವನು ಹೇಳ್ಬೇಕಾ?”

ಇಸ್ಮೇರಿ ದೀಪ ಹಚ್ಚಿದಳು. ಅಗುಳಿ ತೆಗೆದು ಬಾಗಿಲನ್ನು ಗೋಡೆಗೆ ತಾಗುವಷ್ಟು ತೆರೆದಳು. ಕೇರಿಗೆಲ್ಲ ಕೇಳುವಂತೆ ಹೇಳಿದಳು:

“ಮರ್ಯಾದೆ, ಸಿಲ್ನೇ ಮೇಷ್ಟ್ರೇ. ಒಳಗೆ ಬನ್ನಿ.”

ಕ್ಲೆರ್ವಿಲ್ ಬಂದೂಕು ಹಿಡಿದು ಬೀದಿಯ ನಡುವಿಗೆ ಬಂದ. “ಯಾರ ಹತ್ರ ಮಾತಾಡ್ತಿದ್ದೀಯೇ?”

“ನೆಂಟರ ಹತ್ರ. ಕತ್ತಲಲ್ಲಿ ಆ ಕನ್ನಡಕ ಯಾಕೆ? ತೆಗೆದು ನೋಡು.”

ಹೊಸ್ತಿಲು ದಾಟಿ ಸದ್ದು ಒಳಗೆ ಹೋಯಿತು. ಚಟ್... ಚಟ್... ಚಟ್... ಈಗ ಎರಡೂ ಕಾಲಲ್ಲಿ ಚಪ್ಪಲಿ.

ಕ್ಲೆರ್ವಿಲ್ ಕನ್ನಡಕ ತೆಗೆದು ಬಾವಿಯ ಪಕ್ಕದ ಮರದ ಕಡೆ ನೋಡಿದ. ಬೆಳದಿಂಗಳಲ್ಲಿ ಮೊಳೆ ಮಾತ್ರ ಹೊಳೆಯುತ್ತಿತ್ತು.

ಇದು ನಡೆದದ್ದು. ಲೋರ್ಸಿ ಇನ್ನೂ ಬದುಕಿದ್ದಾಳೆ, ನಂಬದವರು ಹೋಗಿ ಕೇಳಬಹುದು.

“ಬಾಗಿಲು ಹಾಕು,” ಎಂದ ಕ್ಲೆರ್ವಿಲ್.

ಇಸ್ಮೇರಿ ಹಾಕಲಿಲ್ಲ. ಕುರ್ಚಿಯೊಂದನ್ನು ಎಳೆದು ತಂದು, ತೆರೆದ ಬಾಗಿಲಲ್ಲಿ ಅವನಿಗೆ ಎದುರಾಗಿ ಕೂತಳು.